ಎಡಕ್ಕೆ ಸರಿದ ಮಾತು

ನಾಯಕ ಬಾಯಿ ತೆರೆದ. ಮಾತು ಅವನ ಬಾಯಿಂದ ಬರಲಿಲ್ಲ.

ಎಡಗಡೆಯ ಸ್ಪೀಕರ್‌ನಿಂದ ಬಂತು.

ಭಾನುವಾರ ಸಂಜೆ. ಜೇವರ್ಗಿಯ ನಮ್ಮ ಮನೆಯ ಪಡಸಾಲೆ. ಟಿವಿಯ ನಟ್ಟನಡುವೆ ನಾಯಕ ಅಪ್ಪನ ಮುಂದೆ ಕೈಕಟ್ಟಿ ನಿಂತು ಕ್ಷಮೆ ಕೇಳುತ್ತಿದ್ದ. ಅವನ ಮೈ ಅಲ್ಲಿತ್ತು, ಧ್ವನಿ ಮಾತ್ರ ಮುನಿಸಿಕೊಂಡ ಬೀಗರ ಹಾಗೆ ಎಡಗಡೆಯ ಗೋಡೆಗೆ ಹೋಗಿ ಕೂತಿತ್ತು. ನಾನು ಬಲಗಡೆಯ ಸ್ಪೀಕರ್ ಕೆಟ್ಟಿತು ಅಂದುಕೊಂಡೆ. ನನ್ನ ಕಿವಿಯ ಮೇಲೆ ನನಗೆ ಎಳ್ಳಷ್ಟೂ ಸಂಶಯ ಬರಲಿಲ್ಲ. ಇದನ್ನು ಒತ್ತಿ ಹೇಳಬೇಕು. ಯಾಕೆಂದರೆ ಸಂಶಯ ಪಡುವುದರಲ್ಲಿ ನನ್ನನ್ನು ಮೀರಿಸುವವರು ಈ ತಾಲೂಕಿನಲ್ಲಿ ಯಾರೂ ಇಲ್ಲ. ಎದೆಯಲ್ಲಿ ವಾಯು ಸಿಕ್ಕಿಕೊಂಡರೆ ನಾನು ಹಾರ್ಟ್ ಅಟ್ಯಾಕ್ ಅನ್ನುತ್ತೇನೆ. ಮೊಣಕಾಲು ಚುಳುಕ್ ಅಂದರೆ ಎಲುಬಿನೊಳಗೆ ಏನೋ ಬೆಳೆಯುತ್ತಿದೆ ಅನ್ನುತ್ತೇನೆ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ಮರಳಿ ಬಂದದ್ದಕ್ಕೆ ಲೆಕ್ಕವಿಲ್ಲ. ಇಷ್ಟು ವರ್ಷ ಬರದ ರೋಗಗಳಿಗೆಲ್ಲ ಹೆದರಿ ಹೆದರಿ, ಖರೇ ರೋಗವೊಂದು ಮನೆಗೆ ಬಂದು ಕೂತಾಗ ನಾನು ಸ್ಕ್ರೂಡ್ರೈವರ್ ಹುಡುಕುತ್ತಿದ್ದೆ.

ಆ ಎರಡು ಸ್ಪೀಕರ್‌ಗಳು ಯಾಕೆ ಬಂದವು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಅವ್ವನಿಗೆ ವಯಸ್ಸಾದ ಹಾಗೆ ಕಿವಿ ಮಂದವಾಗಿದೆ. ಸಿನಿಮಾ ಅಂದರೆ ಆಕೆಗೆ ಪ್ರಾಣ. ಆದರೆ ಟಿವಿಯಲ್ಲಿ ಹಾಡು, ಹೊಡೆದಾಟ ಎಲ್ಲ ಗುಡುಗಿನ ಹಾಗೆ ಬರುತ್ತಿತ್ತು, ಮಾತು ಮಾತ್ರ ಬಾಯೊಳಗೆ ಅಕ್ಕಿ ಇಟ್ಟುಕೊಂಡ ಹಾಗೆ. ಪ್ರತಿ ಮಾತಿಗೂ ಅವ್ವ, "ಏನಂದ್ನೋ ಚನ್ನ್ಯಾ?" ಅನ್ನುವಳು. ನಾನು ಹೇಳುವಷ್ಟರಲ್ಲಿ ಮುಂದಿನ ಮಾತು ಹೋಗಿಬಿಡುತ್ತಿತ್ತು. ಹೀಗೆ ಎಷ್ಟೋ ಸಿನಿಮಾಗಳನ್ನು ನಾವಿಬ್ಬರೂ ಒಂದೊಂದು ಮಾತು ಹಿಂದೆ ಉಳಿದೇ ನೋಡಿದ್ದೇವೆ. ಕೊನೆಗೆ ಒಂದು ಆಂಪ್ಲಿಫಯರ್, ಎರಡು ಸ್ಪೀಕರ್ ತಂದೆ.

ತಂದದ್ದನ್ನು ಎಲ್ಲಿ ಇಡುವುದು? ನಮ್ಮದು ಹಳೆಯ ಕಲ್ಲಿನ ಮನೆ. ಟಿವಿಯ ಎರಡೂ ಬದಿಗೆ ಗೋಡೆಯಲ್ಲಿ ದೀಪ ಇಡುವ ಗೂಡುಗಳಿವೆ. "ಮಾತಾಡೋ ವಸ್ತು, ನೆಲದ ಮ್ಯಾಲ ಇಡಬ್ಯಾಡ, ಕಾಲು ತಾಕ್ತದ," ಎಂದು ಅವ್ವ ಎರಡನ್ನೂ ಗೂಡಿನೊಳಗೆ ಇಡಿಸಿದಳು. ವಿಭೂತಿ ಹಚ್ಚಿದಳು. ಎರಡು ಹೂವು ಏರಿಸಿದಳು. ಬಟನ್ ಒತ್ತಿದೆ. ನಾಯಕಿ ಬಾವಿಯೊಳಗಿಂದ ಮಾತಾಡಿದಳು. ಗೂಡು ಆ ಧ್ವನಿಯನ್ನು ಗುಂಯ್ ಅನ್ನಿಸಿತು. ಕೆಳಗಿನ ಶಹಾಬಾದಿ ಫರಸಿ ಕಲ್ಲಿನ ನೆಲ, ಮೇಲಿನ ಕಲ್ಲಿನ ಛಾವಣಿ ಎರಡೂ ಸೇರಿ ಅದನ್ನು ಚೆಂಡಾಡಿದವು. ವಾಲ್ಯೂಮ್ ಏರಿಸಿದಷ್ಟೂ ಆ ಗುಂಯ್ ಸಹ ಏರಿತು.

ನಾನು ಅಂದೋಲಾದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಸೋಲು ಒಪ್ಪಲಿಲ್ಲ. ಸ್ಪೀಕರ್‌ಗಳನ್ನು ಗೂಡಿನಿಂದ ಇಳಿಸಿ, ಸ್ಟೂಲಿನ ಮೇಲೆ, ಕೂತವರ ಕಿವಿಯ ಎತ್ತರಕ್ಕೆ ಇಟ್ಟೆ. ಗೋಡೆಯಿಂದ ಒಂದು ಮೊಳ ಮುಂದೆ ತಂದೆ. ಮುಖವನ್ನು ಸ್ವಲ್ಪ ಒಳಕ್ಕೆ ತಿರುಗಿಸಿದೆ. ಎರಡರ ನಡುವೆ ಎಷ್ಟು ಅಂತರವೋ, ಕೇಳುವವರಿಗೂ ಅವಕ್ಕೂ ಅಷ್ಟೇ ಅಂತರ ಇರಲಿ ಎಂದು ಸುಣ್ಣದ ಕಡ್ಡಿಯಿಂದ ಫರಸಿಯ ಮೇಲೆ ಸಮಬಾಹು ತ್ರಿಕೋನ ಎಳೆದೆ. ಮರುದಿನ ಬೆಳಿಗ್ಗೆ ಅವ್ವ ಅದರ ಮೂರೂ ಮೂಲೆಗೆ ಕುಂಕುಮ ಇಟ್ಟಿದ್ದಳು. ಪಕ್ಕದ ಗಾದಿ ಅಂಗಡಿಯ ಖಾಜಾ ನನ್ನ ಬಾಲ್ಯದ ಗೆಳೆಯ. ಅವನು ಬಂದು ನೋಡಿ, "ಅರೆ ಮಾಸ್ತರ್, ಇದೇನ್ ಮಾಟಾ ಮಂತ್ರ ಸುರು ಮಾಡೀ ಏನ್ ಯಾರ್?" ಅಂದ. ನಕ್ಕರೂ ಹಳೆಯ ಹತ್ತಿಯ ಗಾದಿಯೊಂದನ್ನು ತಂದು ಹಿಂದಿನ ಗೋಡೆಗೆ ಆನಿಸಿಕೊಟ್ಟ. ನನ್ನ ಹೆಂಡತಿ ಮಹಾದೇವಿ ಪೆಟ್ಟಿಗೆಯಿಂದ ಕೌದಿಗಳನ್ನು ತೆಗೆದು ಒಂದನ್ನು ನೆಲಕ್ಕೆ ಹಾಸಿದಳು, ಎರಡನ್ನು ಪಕ್ಕದ ಗೋಡೆಗೆ ತೂಗುಬಿಟ್ಟಳು. ಪಡಸಾಲೆ ಬಾಣಂತಿ ಕೋಣೆಯ ಹಾಗೆ ಕಾಣತೊಡಗಿತು.

ಆಮೇಲೆ ಸಿನಿಮಾ ಹಚ್ಚಿದೆವು.

ಆ ಕ್ಷಣವನ್ನು ನಾನು ಮರೆಯುವ ಹಾಗಿಲ್ಲ. ಸ್ಪೀಕರ್ ಇದ್ದದ್ದು ಎಡಕ್ಕೊಂದು, ಬಲಕ್ಕೊಂದು. ನಡುವೆ ಏನೂ ಇಲ್ಲ. ಆದರೆ ಮಾತು ಬಂದದ್ದು ನಡುವಿನಿಂದ, ನಾಯಕಿಯ ತುಟಿಯಿಂದ. ಒಂದೊಂದು ಅಕ್ಷರ ಒಗೆದು ಒಣಗಿಸಿದ ಬಟ್ಟೆಯ ಹಾಗೆ ಬಿಡಿಬಿಡಿ. ತ್ರಿಕೋನದ ತುದಿಯಲ್ಲಿ ಕೂತಿದ್ದ ಅವ್ವ ಮೆಲ್ಲಗೆ ಎದ್ದು ಹೋಗಿ ಟಿವಿಯ ಗಾಜಿನ ಮೇಲೆ ಕೈ ಇಟ್ಟಳು. "ಇಲ್ಲಿಂದ ಬರಾಕತ್ತದಲ್ಲೋ!" ಅಂದಳು. ಅಲ್ಲಿಂದ ಬರುತ್ತಿರಲಿಲ್ಲ. ಎಲ್ಲಿಂದಲೂ ಬರುತ್ತಿರಲಿಲ್ಲ. ಎರಡು ಕಡೆಯಿಂದ ಸರಿಸಮವಾಗಿ ಬಂದ ಸದ್ದನ್ನು ನಮ್ಮ ತಲೆಯೇ ಕೂಡಿಸಿ, ಖಾಲಿ ಜಾಗದಲ್ಲಿ ಒಬ್ಬ ಹೆಣ್ಣುಮಗಳನ್ನು ನಿಲ್ಲಿಸುತ್ತಿತ್ತು. ಅವತ್ತು ಅದು ಸ್ಪೀಕರ್‌ಗಳ ಮಹಿಮೆ ಅಂದುಕೊಂಡಿದ್ದೆ. ಅದು ಎರಡು ಕಿವಿಗಳ ಮಹಿಮೆ ಎಂದು ತಿಳಿಯಲು ಒಂದನ್ನು ಕಳೆದುಕೊಳ್ಳಬೇಕಾಯಿತು.

ಅಂದಿನಿಂದ ಅವ್ವ ಮುಂದೆ ಕೌದಿಯ ಮೇಲೆ, ಅವಳ ಹಿಂದೆ ಅದೇ ಗೆರೆಯ ಮೇಲೆ ನನ್ನ ಕುರ್ಚಿ. ಚಳಿಗಾಲ ಹೀಗೆ ಸುಖವಾಗಿ ಹೋಗುತ್ತಿತ್ತು, ಆ ಭಾನುವಾರ ಬರುವ ತನಕ.

ಅದರ ಹಿಂದಿನ ದಿನ ಎಳ್ಳಮವಾಸ್ಯೆ. ಕೊಳಕೂರಿನಲ್ಲಿ ಮಹಾದೇವಿಯ ಅಣ್ಣನ ಹೊಲಕ್ಕೆ ಹೋಗಿದ್ದೆವು. ಎಲ್ಲ ಕಾಯಿಪಲ್ಲೆ, ಕಾಳು ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾದ ಹೋಳಿಗೆ. ಜೋಳದ ಬೆಳೆಯ ನಡುವೆ ತಣ್ಣನೆಯ ಗಾಳಿ. ಭಾನುವಾರ ಬೆಳಿಗ್ಗೆ ಎದ್ದಾಗ ಬಲಗಿವಿ ಗಪ್ ಅಂದಿತ್ತು. ಬಸ್ಸು ಘಾಟ್ ಹತ್ತುವಾಗ ಕಿವಿ ಮುಚ್ಚಿಕೊಳ್ಳುತ್ತದಲ್ಲ, ಹಾಗೆ. ಒಳಗೆ ಎಲ್ಲೋ ದೂರದಲ್ಲಿ ಹಿಟ್ಟಿನ ಗಿರಣಿ ತಿರುಗಿದ ಹಾಗೆ ಸದ್ದು. ಹೊಲದ ಗಾಳಿಗೆ ನೆಗಡಿ ಆಗಿದೆ ಅಂದುಕೊಂಡೆ. ಮಹಾದೇವಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಳು. ಅವ್ವ ಅದರ ಮೇಲೆ ಹತ್ತಿ ತುರುಕಿದಳು. ಕಿವಿಗೆ ಹತ್ತಿ ಇಟ್ಟುಕೊಂಡು ಕೂತು, ಬಲಗಡೆಯ ಸ್ಪೀಕರ್ ಕೇಳುತ್ತಿಲ್ಲ ಎಂದು ಸ್ಪೀಕರ್‌ಗೆ ಬೈದ ಗಣಿತದ ಮಾಸ್ತರ ನಾನೊಬ್ಬನೇ ಇರಬೇಕು.

ಹತ್ತಿ ತೆಗೆದೆ. ಮಾತು ಎಡಕ್ಕೇ ಇತ್ತು.

ಮರುದಿನ ಶಾಲೆಯಿಂದ ಬಂದವನೇ ಎಡದ ವೈರ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದೆ. ಸ್ಪೀಕರ್ ಕೆಟ್ಟಿದ್ದರೆ ಈಗ ಸದ್ದು ಬದಿ ಬದಲಿಸಬೇಕು. ಬದಲಿಸಲಿಲ್ಲ. ಸ್ಪೀಕರ್‌ಗಳನ್ನೇ ಅದಲುಬದಲು ಮಾಡಿದೆ. ಮಾತು ಎಡಕ್ಕೇ. ಖಾಜಾನನ್ನು ಕರೆದು ನನ್ನ ಕುರ್ಚಿಯ ಮೇಲೆ ಕೂರಿಸಿದೆ.

"ಎಲ್ಲಿಂದ ಬರ್ತದ ಹೇಳು."

"ಬರೋಬ್ಬರಿ ನಡುವಿಂದ ಬರಾಕತ್ತದ ಮಾಸ್ತರ್."

"ಸರಿಯಾಗಿ ಕೇಳು."

"ಇನ್ನೆಷ್ಟು ಸರಿ ಕೇಳ್ಲಿ? ಇವಳ ಬಾಯಾಗಿಂದ ಬರ್ತದ. ಲಿಪ್‌ಸ್ಟಿಕ್ ಸಹಿತ ಕೇಳಸ್ತದ."

ಖಾಜಾನ ಕಿವಿ ಗಾದಿ ಬಡಿದೂ ಬಡಿದೂ ಕೆಟ್ಟಿದೆ ಎಂದು ನಾನು ತೀರ್ಮಾನಿಸಿದೆ.

ಶಾಲೆಯಲ್ಲೂ ವಿಚಿತ್ರ ಸುರುವಾಯಿತು. ಬಲಗಡೆಯ ಬೆಂಚಿನ ಹುಡುಗಿ ಉತ್ತರ ಹೇಳಿದರೆ ನಾನು ಎಡಗಡೆಯವಳಿಗೆ ಶಹಬ್ಬಾಸ್ ಅಂದೆ. ಅವಳು ಒಂದು ಮಾತೂ ಆಡದೆ ಬಂದ ಹೊಗಳಿಕೆಯನ್ನು ಬೇಡ ಅನ್ನಲಿಲ್ಲ. "ಸರ್" ಎಂದು ಯಾರು ಕರೆದರೂ ನನ್ನ ಕುತ್ತಿಗೆ ಎಡಕ್ಕೇ ತಿರುಗುತ್ತಿತ್ತು. ಜೇಬಿನಲ್ಲಿ ಮೊಬೈಲ್ ರಿಂಗಾದರೆ ಟೇಬಲ್ ಮೇಲೆ ಹುಡುಕುತ್ತಿದ್ದೆ. ಇಷ್ಟಾದರೂ ನಾನು ನೆಗಡಿಯನ್ನೂ ಸ್ಪೀಕರನ್ನೂ ಬಿಡಲಿಲ್ಲ.

ಒಂದು ಸಂಜೆ ಅವ್ವ ಸಿನಿಮಾ ನೋಡುವುದನ್ನು ಬಿಟ್ಟು ಹಿಂದೆ ತಿರುಗಿ ನನ್ನನ್ನೇ ನೋಡುತ್ತ ಕೂತಿದ್ದಳು.

"ಏನಬೇ?"

"ಕುತ್ತಿಗಿ ನನ್ನಂಗ ತಿರುವಾಕತ್ತಿ," ಅಂದಳು. "ನಾನೂ ಸುರುವಿಗೆ ಹಿಂಗೇ ಮಾಡ್ತಿದ್ನಿ. ಕಿವಿ ಹೋಗಾಕತ್ತದೇನೋ ನಿಂದು?"

ನಾನು ನಕ್ಕೆ. ಆದರೆ ನಕ್ಕ ಬಾಯಿ ಹಾಗೇ ನಿಂತಿತು. ಎದ್ದು, ಕುರ್ಚಿಯನ್ನು ತಿರುಗಿಸಿ, ಟಿವಿಗೆ ಬೆನ್ನು ಮಾಡಿ ಕೂತೆ. ಈಗ ನನ್ನ ಎಡಕ್ಕೆ ಇದ್ದದ್ದು ಆ ಇನ್ನೊಂದು ಸ್ಪೀಕರ್, ಸತ್ತಿದೆ ಎಂದು ನಾನು ವಾರವೆಲ್ಲ ಬೈದದ್ದು. ಕಣ್ಣು ಮುಚ್ಚಿದೆ.

ಮಾತು ಎಡಕ್ಕೇ ಬಂತು.

ಕೆಟ್ಟದ್ದು ಸ್ಪೀಕರ್ ಅಲ್ಲ.

ಮರುದಿನ ಬೆಳಿಗ್ಗೆಯ ಬಸ್ಸಿಗೆ ನಾನು, ಮಹಾದೇವಿ ಕಲಬುರಗಿಗೆ ಹೊರಟೆವು. ಅವಳು ಎಂದಿನ ಹಾಗೆ ಕಿಟಕಿಗೆ, ನನ್ನ ಬಲಕ್ಕೆ ಕೂತಳು. ಸ್ವಲ್ಪ ಹೊತ್ತಿಗೆ ತಾನೇ ಎದ್ದು, "ಸರೀರಿ ಈ ಕಡೆ," ಎಂದು ಎಡಕ್ಕೆ ಬಂದು ಕೂತಳು. ದಾರಿಯುದ್ದಕ್ಕೂ ಮಾತಾಡಿದಳು. ತೊಗರಿ ಕಟಾವಿನ ಬಗ್ಗೆ, ತನ್ನ ಅಣ್ಣನ ಹೆಂಡತಿ ಭಜ್ಜಿಗೆ ಉಪ್ಪು ಕಡಿಮೆ ಹಾಕಿದ್ದರ ಬಗ್ಗೆ. ನಾನು ಮಿದುಳಿನ ಗಡ್ಡೆಯ ಬಗ್ಗೆ ಯೋಚಿಸುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಉಪ್ಪಿನ ವಿಷಯವನ್ನು ಭೀಮಾ ಸೇತುವೆ ದಾಟಿದ ಮೇಲೂ ಬಿಡಲಿಲ್ಲ.

ಇಎನ್‌ಟಿ ಡಾಕ್ಟರ್ ನಡುವಯಸ್ಸಿನ ಹೆಣ್ಣುಮಗಳು. ನಾನು ವೈರು, ಸ್ಪೀಕರು, ಖಾಜಾ, ಕುರ್ಚಿ ಎಲ್ಲವನ್ನೂ ಹೇಳಿದೆ. ಅವರು ತಡೆಯದೆ ಕೇಳಿದರು. ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಗುಗ್ಗೆ ಇಲ್ಲ, ಪರದೆ ಚೆನ್ನಾಗಿದೆ ಅಂದರು. ಆಮೇಲೆ ಟ್ಯೂನಿಂಗ್ ಫೋರ್ಕನ್ನು ಬಡಿದು, ಅದರ ಹಿಡಿಕೆಯನ್ನು ನನ್ನ ಹಣೆಯ ನಟ್ಟನಡುವೆ, ವಿಭೂತಿ ಹಚ್ಚುವ ಜಾಗದಲ್ಲಿ ಊರಿದರು.

"ಎಲ್ಲಿ ಕೇಳಸ್ತದ್ರಿ ಸರ?"

"ಎಡಕ್ಕ."

"ಬರೋಬ್ಬರಿ?"

"ಬರೋಬ್ಬರಿ ಎಡಕ್ಕ ಮೇಡಮ್. ನಮ್ಮ ಟಿವಿ ಹಂಗ."

ಅವರು ಫೋರ್ಕ್ ಕೆಳಗಿಟ್ಟರು. "ನೀವು ಮನ್ಯಾಗ ಮಾಡಿದ್ದೂ ಇದೇ ಟೆಸ್ಟ್‌ರಿ. ನಂದು ಸಣ್ಣ ಫೋರ್ಕು, ನಿಮ್ದು ದೊಡ್ಡದು, ಅಷ್ಟೇ. ಸದ್ದು ನಡುವಿಂದ ಬಂದ್ರೂ ಛಲೋ ಇದ್ದ ಕಿವಿ ಕಡೆ ಹೋಗಾಕತ್ತದ." ಅವರು ನಗುತ್ತಿರಲಿಲ್ಲ.

ಆಡಿಯೋಮೆಟ್ರಿಗೆ ಒಂದು ಸಣ್ಣ ಕೋಣೆಯೊಳಗೆ ಕಳಿಸಿದರು. ಗೋಡೆಗೆಲ್ಲ ಮೆತ್ತೆ. ದಪ್ಪನೆಯ ಬಾಗಿಲು ಮುಚ್ಚಿತು. ಅಂಥ ಮೌನದೊಳಗೆ ನಾನು ಎಂದೂ ಕೂತಿರಲಿಲ್ಲ. ಎರಡು ಕೌದಿ, ಒಂದು ಗಾದಿ ಕಟ್ಟಿ ನಾನು ಏನೋ ಮಾಡಿದ್ದೇನೆ ಅಂದುಕೊಂಡಿದ್ದೆನಲ್ಲ, ಇಲ್ಲಿ ನನ್ನ ಎಂಜಲು ನುಂಗಿದ್ದು ನನಗೆ ಕೇಳಿಸಿತು, ರಕ್ತ ಹರಿದದ್ದು ಕೇಳಿಸಿತು. ಎಲ್ಲವೂ ಎಡಗಿವಿಯಲ್ಲಿ. ಸದ್ದು ಕೇಳಿದಾಗ ಬಟನ್ ಒತ್ತಬೇಕು. ಎಡಗಿವಿಗೆ ಟೀಂ ಟೀಂ ಎಂದು ಬಂದಾಗೆಲ್ಲ ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಮಷೀನು ಬಂದಾಯಿತೇನೋ ಎಂದು ಗಾಜಿನ ಆಚೆಗೆ ನೋಡಿದೆ. ಆಚೆ ಕೂತ ಹುಡುಗಿ ಗುಂಡಿ ತಿರುಗಿಸುತ್ತಲೇ ಇದ್ದಳು.

ಅದು ಬಲಗಿವಿಯ ಸರದಿಯಾಗಿತ್ತು.

"ಸಡನ್ ಸೆನ್ಸರಿನ್ಯೂರಲ್ ಹಿಯರಿಂಗ್ ಲಾಸ್," ಅಂದರು ಡಾಕ್ಟರ್. ನನಗೆ ತಿಳಿದದ್ದು 'ಸಡನ್' ಒಂದೇ. ಕಾರಣ ಕೇಳಿದೆ. ಬಹಳ ಮಂದಿಯಲ್ಲಿ ಕಾರಣ ಸಿಗುವುದೇ ಇಲ್ಲ ಅಂದರು. ಹೊಲದ ಗಾಳಿ ಅಲ್ಲ, ಭಜ್ಜಿ ಅಲ್ಲ, ಬೆಳ್ಳುಳ್ಳಿ ಎಣ್ಣೆಯೂ ಅಲ್ಲ.

"ಬರ್ತದೇನ್ರಿ ಮತ್ತ?" ಎಂದು ಕೇಳಿದವಳು ಮಹಾದೇವಿ.

"ಕೆಲವರಿಗೆ ಪೂರ್ತಿ ಬರ್ತದ್ರಿ ಅಕ್ಕಾರ. ಕೆಲವರಿಗೆ ಅರ್ಧಾ. ಕೆಲವರಿಗೆ ಬರೋದಿಲ್ಲ. ಈಗಿಂದೀಗ ಸ್ಟೀರಾಯ್ಡ್ ಸುರು ಮಾಡೋಣು. ಒಂದು ತಿಂಗಳು ಬಿಟ್ಟು ಬಂದಿದ್ರ ನಾ ಏನೂ ಮಾಡೋ ಹಂಗಿರಲಿಲ್ಲ."

ಮೇಜಿನ ಮೇಲೆ ಒಳಗಿವಿಯ ಪ್ಲಾಸ್ಟಿಕ್ ಮಾದರಿ ಇತ್ತು. ಬಸವನಹುಳುವಿನ ಚಿಪ್ಪಿನಂಥ ಸುರುಳಿ. ಖರೇದು ಬಟಾಣಿ ಕಾಳಿನಷ್ಟು ಇರುತ್ತದಂತೆ. ಅದರೊಳಗೆ ಕಣ್ಣಿಗೆ ಕಾಣದ ಕೂದಲುಗಳ ಸಾಲು. ಬಾಗಿದಾಗೆಲ್ಲ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಎರಡು ಕಡೆಯಿಂದ ಬಂದ ಸುದ್ದಿಯಲ್ಲಿ ಯಾವುದು ಕೂದಲೆಳೆಯಷ್ಟು ಮೊದಲು ಬಂತು, ಯಾವುದು ಒಂಚೂರು ಜೋರಾಗಿತ್ತು ಎಂದು ತೂಗಿ, ಮಿದುಳು ಇಂಥ ಕಡೆ ಇಂಥವರು ನಿಂತಿದ್ದಾರೆ ಎಂದು ಹೇಳುತ್ತದೆ. ನಾನು ನಲವತ್ತು ಹುಡುಗರಿಗೆ ಒಂದು ತ್ರಿಕೋನ ತಿಳಿಸಲು ಒಂದು ಪೀರಿಯಡ್ ಪೂರ್ತಿ ಒದ್ದಾಡುತ್ತೇನೆ. ನನ್ನ ತಲೆಯೊಳಗೆ ನನಗೆ ಹೇಳದೆ ಕೇಳದೆ ಹುಟ್ಟಿದಾಗಿನಿಂದ ತ್ರಿಕೋನಗಳನ್ನು ಬಿಡಿಸುತ್ತಿದ್ದವರು ಯಾರು? ಡಾಕ್ಟರ್ ಔಷಧ ಬರೆಯುತ್ತಿದ್ದರು. ನಾನು ಆ ಚಿಪ್ಪಿನಿಂದ ಕಣ್ಣು ಕೀಳಲಿಲ್ಲ. ಹೆದರಿಕೆಯಾಗಬೇಕಾದ ಹೊತ್ತು ಅದು. ಹೆದರಿಕೆ ಇತ್ತು. ಆದರೆ ಅದಕ್ಕಿಂತ ದೊಡ್ಡದೊಂದು ಎದೆಯೊಳಗೆ ಎದ್ದು ನಿಂತಿತ್ತು. ಅದಕ್ಕೆ ಏನನ್ನಬೇಕೋ ಇವತ್ತಿಗೂ ನನಗೆ ತಿಳಿದಿಲ್ಲ.

ಗಡ್ಡೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಎಂಆರ್‌ಐ ಮಾಡಿದರು. ಮಷೀನಿನ ಸದ್ದು ಭಾರಿ ಇರುತ್ತದೆ ಎಂದು ಮೊದಲೇ ಹೆದರಿಸಿದ್ದರು. ನನಗೆ ಅರ್ಧವೇ ಕೇಳಿತು. ಗಡ್ಡೆ ಇರಲಿಲ್ಲ.

ಸ್ಟೀರಾಯ್ಡ್ ಗುಳಿಗೆ ನನ್ನನ್ನು ಬೇರೆ ಮನುಷ್ಯನನ್ನಾಗಿ ಮಾಡಿತು. ಮೊದಲೇ ಸಕ್ಕರೆ ಕಾಯಿಲೆಯ ಅಂಚಿನಲ್ಲಿ ನಿಂತವನು, ಈಗ ಒಳಗೇ ಬಿದ್ದೆ. ಹಸಿವೋ ಹಸಿವು. ಬುಟ್ಟಿಯಲ್ಲಿದ್ದ ರೊಟ್ಟಿ ಎಲ್ಲ ಖಾಲಿ. ಮುಖ ಉಬ್ಬಿತು. ಸಣ್ಣ ಮಾತಿಗೆ ಸಿಟ್ಟು. "ಕಿವಿ ಹೋದ್ರ ಹೋಗ್ಲಿ, ಬಾಯಿ ಯಾಕ ಹಿಂಗ ಜೋರ್ ಆತು?" ಎಂದು ಮಹಾದೇವಿ ಕೇಳಿದಳು. ರಸ್ತೆ ದಾಟುವುದು ದೊಡ್ಡ ಕೆಲಸವಾಯಿತು. ಬಲಗಡೆಯಿಂದ ಲಾರಿ ಹಾರ್ನ್ ಹೊಡೆದರೆ ನಾನು ಎಡಕ್ಕೆ ನೋಡಿ, ಲಾರಿಯ ಕಡೆಗೇ ಸರಿಯುತ್ತಿದ್ದೆ. ಅದಾದ ಮೇಲೆ ಖಾಜಾ ದಿನಾ ಬೆಳಿಗ್ಗೆ ಅಂಗಡಿ ಬಿಟ್ಟು ಬಂದು, ನನ್ನ ತೋಳು ಹಿಡಿದು ರಸ್ತೆ ದಾಟಿಸಿ ಬಸ್ಸು ಹತ್ತಿಸುತ್ತಿದ್ದ. ದಾಟಿದ ಮೇಲೂ ಕೈ ಬಿಡುತ್ತಿರಲಿಲ್ಲ. ಕೈ ಬಿಡು, ಹುಡುಗರು ನೋಡ್ತಾರ ಅಂದರೆ, "ನೋಡ್ಲಿ ಬಿಡು. ಹೊಸಾ ನವರಿ ಹಂಗ ಛಂದ ಕಾಣ್ತಿ," ಅನ್ನುತ್ತಿದ್ದ. ನವರಿ ಅಂದರೆ ಮದುಮಗಳು.

ಗುಳಿಗೆಯ ಮೊದಲ ಸುತ್ತು ಮುಗಿದ ಮೇಲೆ ಮತ್ತೆ ಪರೀಕ್ಷೆ.

ಏನೂ ಬದಲಾಗಿರಲಿಲ್ಲ.

ಇನ್ನು ಉಳಿದದ್ದು ಕಿವಿಯ ಪರದೆಯೊಳಗಿಂದಲೇ ಔಷಧ ಹಾಕುವುದು. ಕೆಲವು ವಾರ, ವಾರಕ್ಕೊಮ್ಮೆ. ಅದಕ್ಕೂ ಬರದಿದ್ದರೆ ಇಲ್ಲ ಎಂದು ಡಾಕ್ಟರ್ ನೇರವಾಗಿ ಹೇಳಿದರು. ಮಲಗಿಸಿ, ತಲೆಯನ್ನು ಎಡಕ್ಕೆ ಹೊರಳಿಸಿ, ಮೈಕ್ರೋಸ್ಕೋಪ್ ಕೆಳಗೆ ಇಳಿಸಿದರು. ಸೂಜಿ ಒಳಗೆ ಹೋದದ್ದು ನೋವಿಗಿಂತ ಹೆಚ್ಚಾಗಿ ಒಂದು ದೊಡ್ಡ ಗದ್ದಲದ ಹಾಗೆ ಅನಿಸಿತು. ತಲೆಯೊಳಗೆ ಬೆಚ್ಚನೆಯ ನೀರು ತುಂಬಿತು, ಲೋಕ ಒಂದು ಸುತ್ತು ತಿರುಗಿ ನಿಂತಿತು. "ಅರ್ಧಾ ತಾಸು ಹಿಂಗೇ ಮಲಗ್ರಿ. ನುಂಗಬ್ಯಾಡ್ರಿ, ಮಾತಾಡಬ್ಯಾಡ್ರಿ. ಔಷಧ ಗಂಟಲಿಗೆ ಇಳಿದು ಹೋಗ್ತದ." ನಾನು ಅಲುಗದೆ ಮಲಗಿದೆ. ಮಹಾದೇವಿ ಎಡಗಡೆಗೆ ಸ್ಟೂಲ್ ಎಳೆದುಕೊಂಡು ಕೂತು, ದಿಂಬಿನ ಹತ್ತಿರ ಬಾಗಿ, "ಮದಿವಿ ಆದಾಗಿಂದ ಇಷ್ಟೊತ್ತು ಸುಮ್ಮ ಇದ್ದದ್ದು ಇದೇ ಮೊದಲು ನೋಡ್ರಿ," ಅಂದಳು. ನಕ್ಕರೆ ಔಷಧ ಇಳಿಯುತ್ತದೆ. ನಗು ಬಂತು. ತಡೆದುಕೊಂಡೆ. ಅವಳ ಕಣ್ಣು ತುಂಬಿದ್ದು ಕಂಡಿತು. ಅದನ್ನೂ ನೋಡದವನ ಹಾಗೆ ತಡೆದುಕೊಂಡೆ.

ಆ ವಾರಗಳಲ್ಲಿ ನಾನು ಸಿನಿಮಾ ಬಿಟ್ಟಿದ್ದೆ. ಎಡಕ್ಕೆ ಜೋತುಬಿದ್ದ ಆ ಮಾತು ಕೇಳಲಾಗುತ್ತಿರಲಿಲ್ಲ. ಹಾಡು ಬಂದರೆ ಮಾತು ಅದರೊಳಗೆ ಮುಳುಗುತ್ತಿತ್ತು. ಎರಡು ಕಿವಿ ಇದ್ದಾಗ ಗದ್ದಲದೊಳಗಿಂದ ಮಾತನ್ನು ಹೆಕ್ಕಿ ತೆಗೆಯುತ್ತಿದ್ದ ಆ ಕೈ ಯಾವುದಿತ್ತೋ, ಅದು ಈಗ ಇರಲಿಲ್ಲ. ಸ್ಪೀಕರ್‌ಗಳ ಮೇಲೆ ಟವೆಲ್ ಹಾಕಿಟ್ಟೆ. ಆದರೆ ಒಂದು ಭಾನುವಾರ ಅವ್ವ ಟವೆಲ್ ತೆಗೆದು ಪಟ್ ಎಂದು ಝಾಡಿಸಿ ಮಡಚಿಟ್ಟಳು.

"ಹಚ್ಚು."

"ಬ್ಯಾಡಬೇ. ನನಗ ಬರೋಬ್ಬರಿ ತಿಳಿಯಂಗಿಲ್ಲ."

"ನಿನಗ ತಿಳೀಲಿಲ್ಲಂದ್ರ ನಾ ಹೇಳ್ತೀನಿ. ಇಷ್ಟು ವರ್ಷ ನೀ ಹೇಳಲಿಲ್ಲೇನು?"

ಹಚ್ಚಿದೆ. ಅವ್ವ ನನ್ನ ಕುರ್ಚಿಯ ಎಡಕ್ಕೆ ಸರಿದು ಕೂತು, ನಾಯಕನ ತುಟಿ ನೋಡುತ್ತ, ಒಂದೊಂದು ಮಾತನ್ನೂ ನನಗೆ ಒಪ್ಪಿಸತೊಡಗಿದಳು. ಅರ್ಧ ಕೇಳಿದ್ದು, ಅರ್ಧ ತುಟಿಯಿಂದ ಊಹಿಸಿದ್ದು, ಉಳಿದದ್ದು ಅವಳದೇ. ನಾಯಕ ಬಾಗಿಲಲ್ಲಿ ನಿಂತು ಏನೋ ಕೇಳಿದ. "ನಿಮ್ಮ ಮನಿತನಾ ಹಾಳಾಗ್ಲಿ ಅನ್ನಾಕತ್ತಾನ," ಅಂದಳು ಅವ್ವ. ಅಡುಗೆಮನೆಯಿಂದ ಮಹಾದೇವಿ ಕೂಗಿ ಹೇಳಿದಳು, "ಅತ್ತೆಮ್ಮ, ಅವ ಕುಡ್ಯಾಕ ನೀರು ಕೇಳಾಕತ್ತಾನ್ರಿ!" ಅವ್ವ ಸೋಲಲಿಲ್ಲ. "ಕೇಳೋ ರೀತಿ ನೋಡು ಅವಂದು," ಅಂದಳು. ಆ ಸಿನಿಮಾದ ಕಥೆ ನನಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟು ಸುಖವಾಗಿ ಯಾವ ಸಿನಿಮಾವನ್ನೂ ನೋಡಿಲ್ಲ.

ಬದಲಾವಣೆ ಮೊದಲು ಬಂದದ್ದು ಕೆಟ್ಟ ರೂಪದಲ್ಲಿ. ಒಂದು ದಿನ ಬಲಗಿವಿಯಲ್ಲಿ ತಗಡಿನ ಡಬ್ಬಿಯೊಳಗಿಂದ ಯಾರೋ ಮಾತಾಡಿದ ಹಾಗಾಯಿತು. ಒಂದೇ ಮಾತು ಎಡಗಿವಿಯಲ್ಲಿ ಒಂದು ಶ್ರುತಿ, ಬಲಗಿವಿಯಲ್ಲಿ ಇನ್ನೊಂದು. ಮಹಾದೇವಿ ಮಾತಾಡಿದರೆ ಅವಳ ಹಿಂದೆ ಒಬ್ಬ ಗೊಗ್ಗರು ದನಿಯ ಗಂಡಸು ಅದನ್ನೇ ಹೇಳಿದ ಹಾಗೆ. ಹೆದರಿ ಡಾಕ್ಟರಿಗೆ ಫೋನ್ ಮಾಡಿದೆ. ಅವರ ಧ್ವನಿಯಲ್ಲಿ ಮೊದಲ ಸಲ ನಗು ಕೇಳಿತು. "ಛಲೋ ಆತ್ರಿ ಸರ. ಸತ್ತದ್ದು ಮಾತಾಡಂಗಿಲ್ಲ. ಏನೋ ಎಚ್ಚರ ಆಗಾಕತ್ತದ."

ಆ ಭಾನುವಾರ ಕುರ್ಚಿಯನ್ನು ತ್ರಿಕೋನದ ಗೆರೆಯ ಮೇಲೆ ಇಟ್ಟು, ಕಣ್ಣು ಮುಚ್ಚಿ ಕೂತೆ. ಮಾತು ಎಡದ ಸ್ಪೀಕರ್‌ನಲ್ಲಿ ಇರಲಿಲ್ಲ. ಅದನ್ನು ಬಿಟ್ಟು ಒಂದು ಗೇಣು ಈಚೆಗೆ, ಕ್ಯಾಲೆಂಡರ್ ತೂಗುವ ಜಾಗಕ್ಕೆ ಬಂದಿತ್ತು.

ನಾನು ಕಣ್ಣು ತೆರೆಯಲಿಲ್ಲ. ತೆರೆದರೆ ಮರಳಿ ಓಡಿ ಹೋಗುತ್ತದೆ ಅನ್ನಿಸಿತು.

ಮುಂದಿನ ವಾರಗಳಲ್ಲಿ ಅದು ಗೋಡೆಯ ಮೇಲೆ ನಡೆಯಿತು. ಕ್ಯಾಲೆಂಡರ್ ದಾಟಿತು. ಸ್ವಿಚ್ ಬೋರ್ಡ್ ದಾಟಿತು. ಒಂದು ಸಂಜೆ ಟಿವಿಯ ಎಡ ಅಂಚಿಗೆ ಬಂದು ಆತುಕೊಂಡಿತು. ಹೊಸ್ತಿಲಲ್ಲಿ ನಿಂತ ಹೊಸಬರ ಹಾಗೆ, ಒಳಗೆ ಬರಲೋ ಬೇಡವೋ ಎಂದು. ಎಲ್ಲಿಗೆ ಬಂತು ಎಂದು ಸುಣ್ಣದ ಕಡ್ಡಿಯಿಂದ ಗುರುತು ಹಾಕಲು ಎದ್ದೆ. "ಗ್ವಾಡಿ ಹೊಲಸು ಮಾಡಬ್ಯಾಡ್ರಿ, ನೆಲಾ ಮಾಡಿದ್ದು ಸಾಕು," ಎಂದು ಮಹಾದೇವಿ ಕಡ್ಡಿ ಕಸಿದುಕೊಂಡಳು. ಬಟಾಣಿ ಕಾಳಿನಷ್ಟರ ಒಳಗೆ, ಕಾಣದ ಕೂದಲೊಂದು ಮಲಗಿದ್ದಲ್ಲಿಂದ ಮೆಲ್ಲಗೆ ಏಳುತ್ತದೆ. ಅದು ಎದ್ದಷ್ಟು ಈ ಗೋಡೆಯ ಮೇಲೆ ಒಬ್ಬ ನಟ ಬಲಕ್ಕೆ ಸರಿಯುತ್ತಾನೆ. ಇದನ್ನು ನೋಡುತ್ತ ಕೂತವನಿಗೆ ಚಿಂತೆ ಮಾಡಲು ಪುರಸೊತ್ತಾದರೂ ಎಲ್ಲಿ?

ಕೊನೆಯ ಆಡಿಯೋಗ್ರಾಮ್ ತೆಗೆದ ದಿನ ಡಾಕ್ಟರ್ ಎರಡು ಗೆರೆಗಳನ್ನು ತೋರಿಸಿದರು. ಬಲಗಿವಿಯ ಗೆರೆ ಕೆಳಗಿನಿಂದ ಬಹಳ ಮೇಲೆ ಬಂದಿತ್ತು. ಎಡಗಿವಿಯ ಗೆರೆಯನ್ನು ಮುಟ್ಟಿರಲಿಲ್ಲ. ಚೂಪಾದ ಸದ್ದುಗಳಲ್ಲಿ ನಡುವೆ ಇನ್ನೂ ದೊಡ್ಡ ಕಂದಕ. ಗಿರಣಿಯ ಸದ್ದೂ ಪೂರ್ತಿ ಹೋಗಿರಲಿಲ್ಲ.

"ಇಲ್ಲಿಗೆ ನಿಲ್ಲಬಹುದ್ರಿ ಸರ," ಅಂದರು. "ಇನ್ನಷ್ಟು ಬಂದ್ರ ಬಂತು. ಬರ್ತದ ಅಂತ ನಾ ಹೇಳಂಗಿಲ್ಲ. ಆದ್ರ ಇಷ್ಟು ಬಂದದ್ದು ಸಣ್ಣ ಮಾತಲ್ಲ."

ಇಷ್ಟೇ ಏನು ಎಂದು ಕೇಳಲು ಬಾಯಿ ತೆರೆದೆ. ಕೇಳಲಿಲ್ಲ. ಎಷ್ಟು ಬಂದಿದೆ ಅನ್ನುವುದು ಗೋಡೆಯ ಮೇಲೆ ಗೇಣು ಗೇಣಾಗಿ ಕಂಡಿತ್ತು ನನಗೆ.

ಆ ಸಂಜೆ ಸಿನಿಮಾ ಹಚ್ಚಿದಾಗ ಮಾತು ಇನ್ನೂ ಟಿವಿಯ ಎಡ ಅಂಚಿನಲ್ಲೇ ಇತ್ತು. ಆಂಪ್ಲಿಫಯರ್‌ನ ಬ್ಯಾಲೆನ್ಸ್ ಗುಂಡಿಯನ್ನು ಬಲಕ್ಕೆ ತಿರುಗಿಸಿದರೆ ನನಗೆ ನಡುವೆ ಬರುತ್ತಿತ್ತು. ಆದರೆ ಮುಂದೆ ಕೂತ ಅವ್ವನಿಗೆ ಮಾತು ಬಲಕ್ಕೆ ಜಾರುತ್ತದೆ. ಆಕೆಗೆ ಇದ್ದಷ್ಟು ಕಿವಿಗೆ ಆ ನಡುವನ್ನು ಕಟ್ಟಿಕೊಟ್ಟದ್ದು ನಾವೇ. ಗುಂಡಿಯನ್ನು ಮುಟ್ಟಲಿಲ್ಲ. ಎದ್ದು, ನನ್ನ ಕುರ್ಚಿಯನ್ನೇ ಗೆರೆಯಿಂದ ಎತ್ತಿ ಬಲಕ್ಕೆ ಒಂದು ಹೆಜ್ಜೆ ಇಟ್ಟೆ. ಕೂತು ಕೇಳಿದೆ. ಇನ್ನರ್ಧ ಹೆಜ್ಜೆ. ಬಲಗಡೆಯ ಸ್ಪೀಕರ್ ಈಗ ಹತ್ತಿರ, ಎಡದ್ದು ದೂರ. ಪರದೆಯ ಮೇಲೆ ತಾಯಿಯೊಬ್ಬಳು ಮಗಳ ಜಡೆ ಹಾಕುತ್ತ ಏನೋ ಹೇಳುತ್ತಿದ್ದಳು. ಅವಳ ಮಾತು ಅಂಚನ್ನು ಬಿಟ್ಟು, ಗಾಜಿನ ಮೇಲೆ ಮೆಲ್ಲಗೆ ಸರಿದು, ಅವಳ ತುಟಿಗೆ ಬಂದು ಕೂತಿತು.

ತ್ರಿಕೋನ ಈಗ ಸಮಬಾಹು ಅಲ್ಲ. ನನ್ನ ಕಿವಿಗಳೂ ಅಲ್ಲ. ಎರಡು ಓರೆ ಸೇರಿ ಒಂದು ನೇರವಾಗಿತ್ತು.

"ಏನ್ರಿ, ಉಪ್ಪಿನಕಾಯಿ ನಿಂಬಿದ ತರ್ಲೋ, ಮಾವಿನದೋ?"

ನನ್ನ ಕುತ್ತಿಗೆ ಬಲಕ್ಕೆ ತಿರುಗಿತು. ನಾನು ತಿರುಗಿಸಲಿಲ್ಲ, ತಾನೇ ತಿರುಗಿತು. ಅಡುಗೆಮನೆಯ ಬಾಗಿಲು ನನ್ನ ಬಲಕ್ಕಿದೆ. ಮಹಾದೇವಿ ಅಲ್ಲಿ ನಿಂತಿದ್ದಳು, ಎರಡೂ ಕೈಗೆ ಹಿಟ್ಟು ಮೆತ್ತಿಕೊಂಡು, ಉತ್ತರಕ್ಕೆ ಕಾಯುತ್ತ. ಅವಳು ಏನನ್ನೂ ಗಮನಿಸಲಿಲ್ಲ. ಹೆಂಡತಿ ಕರೆದಳು, ಗಂಡ ಅವಳಿದ್ದ ಕಡೆ ನೋಡಿದ. ಇದರಲ್ಲಿ ಗಮನಿಸುವುದಾದರೂ ಏನಿದೆ?

"ಯಾಕ್ರೀ, ಹಂಗ್ಯಾಕ ನೋಡಾಕತ್ತೀರಿ?"

"ಇನ್ನೊಮ್ಮೆ ಕೇಳು," ಅಂದೆ.